ಕಾಲಯಾನವೂ ಸಾಕ್ಷಿಯೂ

ಮನೆಯ ಮಕ್ಕಳು ನೋಡುವ ಧಾರಾವಾಹಿಗಳನ್ನು ಹಿರಿಯರು ದೂರದಿಂದಲೇ ನಿಂದಿಸುವುದು ರೂಢಿಯಾಗಿಬಿಟ್ಟಿದೆ. ನಿಂದಿಸುವ ಮುನ್ನ ಒಮ್ಮೆ ಅವರ ಜೊತೆಯಲ್ಲಿ ಕುಳಿತು ನೋಡುವುದು ಲೇಸೆಂಬುದು ನಮ್ಮ ಮತ. ಹಾಗೆ ಕುಳಿತು ನೋಡಲು ತಕ್ಕುದಾದ ಒಂದು ಮಾಲಿಕೆ, ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 1963ರ ನವೆಂಬರ್ 23ರಂದು ಆರಂಭಿಸಿದ 'ಡಾಕ್ಟರ್ ಹೂ'. 1989ರಲ್ಲಿ ನಿಂತುಹೋಗಿದ್ದ ಅದು 2005ರಲ್ಲಿ ಮತ್ತೆ ಚಿಗುರಿತು. ಅದರ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನರು ಲಕ್ನೋದಲ್ಲಿ ಹುಟ್ಟಿದವರೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಕಥಾನಾಯಕ ಬೇರೊಂದು ಲೋಕದ ಜೀವಿ. ಹೆಸರು 'ಡಾಕ್ಟರ್' ಎಂದಷ್ಟೇ. ಸಾವು ಸಮೀಪಿಸಿದಾಗ ಆತನ ದೇಹ ಬದಲಾಗುತ್ತದೆ, ಸ್ಮೃತಿ ಮಾತ್ರ ಉಳಿಯುತ್ತದೆ. ಆತನ ವಾಹನವು ಹೊರಗಿನಿಂದ ನೋಡಿದರೆ ಪೊಲೀಸರ ನೀಲಿ ಪೆಟ್ಟಿಗೆ. ಒಳಹೊಕ್ಕರೆ ಅರಮನೆಯಷ್ಟು ವಿಶಾಲ. ಅದರಲ್ಲಿ ಕುಳಿತು ಯಾವ ದೇಶಕ್ಕಾದರೂ, ಯಾವ ಕಾಲಕ್ಕಾದರೂ ಹೋಗಬಹುದು.

ಇಂಥ ವಾಹನವಿದ್ದ ಮೇಲೆ ಹಿಂದೆ ನಡೆದ ಅನ್ಯಾಯಗಳನ್ನೆಲ್ಲ ಸರಿಪಡಿಸಬಾರದೇಕೆ? 1964ರ 'ದಿ ಅಜ್ಟೆಕ್ಸ್' ಎಂಬ ಕಥೆಯಲ್ಲಿಯೇ ಈ ಪ್ರಶ್ನೆ ಎದ್ದಿತು. ಡಾಕ್ಟರನ ಜೊತೆಗಿದ್ದ ಬಾರ್ಬರಾ ಎಂಬ ಇತಿಹಾಸದ ಅಧ್ಯಾಪಕಿಯನ್ನು ಪ್ರಾಚೀನ ಮೆಕ್ಸಿಕೋದ ಜನ ದೇವತೆಯೆಂದು ಭಾವಿಸುತ್ತಾರೆ. ಆ ಅಧಿಕಾರದಿಂದ ನರಬಲಿಯನ್ನು ನಿಲ್ಲಿಸಲು ಆಕೆ ಹೆಣಗುತ್ತಾಳೆ. ಇತಿಹಾಸವನ್ನು ತಿದ್ದಲಾಗದೆಂದು ಡಾಕ್ಟರ್ ಎಚ್ಚರಿಸುತ್ತಾನೆ, ಬಲಿ ನಿಲ್ಲುವುದಿಲ್ಲ. ಒಬ್ಬ ಅರ್ಚಕನ ಮನಸ್ಸು ಮಾತ್ರ ಬದಲಾಗುತ್ತದೆ.

ಮುಂದಿನ ಕಥೆಗಳಲ್ಲಿ ಈ ನಿಯಮವು ಕಥೆಗಾರರ ಅನುಕೂಲಕ್ಕೆ ತಕ್ಕಂತೆ ಬಾಗಿದೆ ಎಂಬುದನ್ನು ಮರೆಮಾಚುವಂತಿಲ್ಲ. 2008ರ ಒಂದು ಕಥೆಯಲ್ಲಿ ಜ್ವಾಲಾಮುಖಿಗೆ ತುತ್ತಾಗುವ ಪಾಂಪೇ ನಗರವನ್ನು ಉಳಿಸಲಾಗದು, ಆದರೆ ಒಂದೇ ಒಂದು ಕುಟುಂಬವನ್ನು ಉಳಿಸಬಹುದು! ತರ್ಕಪ್ರಿಯರು ನಗುತ್ತಾರೆ, ನಗಲಿ. ನಮಗೆ ಮುಖ್ಯವೆನಿಸಿದುದು ಬೇರೆ. ತಿದ್ದಲಾಗದ ಕಾಲದೊಳಗೆ ಕಾಲಿಟ್ಟವರು ಅಲ್ಲಿ ಏನು ಮಾಡುತ್ತಾರೆ ಎಂಬುದು.

2005ರ 'ಫಾದರ್ಸ್ ಡೇ' ಎಂಬ ಕಂತನ್ನೇ ನೋಡಿ. ರೋಸ್ ಎಂಬ ಲಂಡನ್ನಿನ ಹುಡುಗಿ ಹಸುಗೂಸಾಗಿದ್ದಾಗ, 1987ರಲ್ಲಿ, ಆಕೆಯ ತಂದೆ ಕಾರು ಬಡಿದು ರಸ್ತೆಯಲ್ಲಿ ತೀರಿಕೊಂಡಿದ್ದ. ಆ ಹೊತ್ತಿನಲ್ಲಿ ಬಳಿಯಲ್ಲಿ ಯಾರೂ ಇರಲಿಲ್ಲವೆಂದು ತಾಯಿ ಹೇಳಿದ್ದು ಮಗಳ ಎದೆಯಲ್ಲಿ ಮುಳ್ಳಾಗಿ ಉಳಿದಿದೆ. ಆಕೆ ಬೇಡುವುದು ತಂದೆಯ ಬಳಿ ಕುಳಿತು ಕೈ ಹಿಡಿಯುವಷ್ಟು ಅವಕಾಶವನ್ನು ಮಾತ್ರ. ಅಲ್ಲಿ ನಿಂತಾಗ ಕರುಳು ಕೇಳದು. ಓಡಿಹೋಗಿ ತಂದೆಯನ್ನು ಉಳಿಸಿಬಿಡುತ್ತಾಳೆ. ಕಾಲಕ್ಕೆ ಗಾಯವಾಗುತ್ತದೆ, ರೆಕ್ಕೆಯ ಭೂತಗಳು ಊರಿನ ಜನರನ್ನು ನುಂಗತೊಡಗುತ್ತವೆ. ಈ ಭೂತಗಳು ನಮಗೆ ಅಷ್ಟೇನೂ ರುಚಿಸಲಿಲ್ಲ. ಆದರೆ ಆ ತಂದೆ! ಬದುಕಿನಲ್ಲಿ ಯಾವುದನ್ನೂ ನೆಟ್ಟಗೆ ಮಾಡಿ ಮುಗಿಸದ ಸಾಮಾನ್ಯ ಮನುಷ್ಯ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಡೆದುದೇನೆಂದು ಅರಿತು, ತಾನಾಗಿಯೇ ಆ ಕಾರಿನೆದುರು ಓಡುತ್ತಾನೆ. ಈ ಸಲ ಮಗಳು ಪಕ್ಕದಲ್ಲಿದ್ದಾಳೆ. ಸಾವು ತಪ್ಪಲಿಲ್ಲ, ಒಂಟಿಸಾವು ತಪ್ಪಿತು. ಮುಂದೆ ತಾಯಿ ಹೇಳುವ ಕಥೆಯಲ್ಲಿ, ಯಾರೋ ಅಪರಿಚಿತ ಹುಡುಗಿಯೊಬ್ಬಳು ಆತನ ಕೊನೆಯ ಉಸಿರಿನವರೆಗೂ ಜೊತೆಗಿದ್ದಳೆಂಬ ಮಾತು ಸೇರಿಕೊಳ್ಳುತ್ತದೆ.

2018ರಲ್ಲಿ ಇದೇ ಮಾಲಿಕೆಯ ಕಥೆಯೊಂದು ನಮ್ಮ ನಾಡಿನ ನೋವಿನ ಬಳಿಗೇ ಬಂದಿತು. ಹೆಸರು 'ಡೀಮನ್ಸ್ ಆಫ್ ದಿ ಪಂಜಾಬ್', ಬರೆದವರು ವಿನಯ್ ಪಟೇಲ್. ಆ ವೇಳೆಗೆ ಡಾಕ್ಟರ್ ಸ್ತ್ರೀರೂಪ ತಾಳಿಯಾಗಿತ್ತು. ಷೆಫೀಲ್ಡಿನ ಯಾಸ್ಮಿನ್ ಎಂಬ ತರುಣಿ ತನ್ನ ಅಜ್ಜಿಯ ಯೌವನವನ್ನು ಕಾಣಬೇಕೆಂದು ಹಟಹಿಡಿದು 1947ರ ಆಗಸ್ಟ್ ತಿಂಗಳ ಪಂಜಾಬಿಗೆ ಬರುತ್ತಾಳೆ. ಅಲ್ಲಿ ಅಜ್ಜಿ ಉಂಬ್ರೀನಳ ವಿವಾಹ ನಿಶ್ಚಯವಾಗಿದೆ. ವರನು ಮೊಮ್ಮಗಳು ಕೇಳಿಬಲ್ಲ ಅಜ್ಜನಲ್ಲ, ಪ್ರೇಮ್ ಎಂಬ ಹಿಂದೂ ಯುವಕ. ಗಡಿರೇಖೆ ಪ್ರಕಟವಾದ ಆಗಸ್ಟ್ 17ರ ಆಸುಪಾಸಿನಲ್ಲಿಯೇ ಲಗ್ನ. ಡಾಕ್ಟರ್ ತಾನೇ ನಿಂತು ಮದುವೆ ಮಾಡಿಸುತ್ತಾಳೆ. ಬಳಿಕ ಪ್ರೇಮನ ಸ್ವಂತ ತಮ್ಮನೇ ಕರೆತಂದ ಬಂದೂಕಿನ ಗುಂಪು ಆತನನ್ನು ಕೊಲ್ಲುತ್ತದೆ. ಆತ ಉಳಿದರೆ ಯಾಸ್ಮಿನ್ ಹುಟ್ಟುವಂತೆಯೇ ಇಲ್ಲ! ಕೊಲೆಗಡುಕರೆಂದು ಎಲ್ಲರೂ ಹೆದರಿದ್ದ ಅನ್ಯಲೋಕದ ಜೀವಿಗಳು ನಿಜವಾಗಿ ಬಂದಿರುವುದು, ಯಾರೂ ಇಲ್ಲದೆ ಸಾಯುವವರ ಬಳಿ ಸಾಕ್ಷಿಯಾಗಿ ನಿಲ್ಲಲು.

ಕುಲ ಮೀರಿದ ಮದುವೆ, ಅದರ ಬೆನ್ನಿಗೇ ಬಂದ ಕೊಲೆ. ಶರಣರ ಚರಿತ್ರೆ ಕೇಳಿ ಬೆಳೆದವರಿಗೆ ಇಲ್ಲಿ ಕಲ್ಯಾಣವು ನೆನಪಾಗದಿದ್ದೀತೆ? 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಆದ ವಿವಾಹ, ಅದಕ್ಕಾಗಿ ಬೀಗರಿಬ್ಬರಿಗೆ ಬಿಜ್ಜಳನ ಆಳ್ವಿಕೆಯಲ್ಲಿ ಒದಗಿದ ಎಳೆಹೂಟೆಯ ಶಿಕ್ಷೆ — ಇವು ನಮ್ಮ ಮನೆಮನೆಯ ನೆನಪುಗಳು. ಆ ನೀಲಿ ಪೆಟ್ಟಿಗೆ ಕಲ್ಯಾಣದ ಬೀದಿಯಲ್ಲಿ ಇಳಿದರೆ ನಾವೇನು ಮಾಡಿಯೇವು? ಮದುವೆಯನ್ನು ತಡೆದರೆ ಇಬ್ಬರು ಶರಣರ ಜೀವ ಉಳಿದೀತು. ಆದರೆ ಅರಮನೆಗೆ ಬೇಕಾಗಿದ್ದುದೂ ಅದೇ ಅಲ್ಲವೆ? ಆ ಮದುವೆಯಲ್ಲಿ ಅಕ್ಷತೆ ಹಾಕುವುದಕ್ಕಿಂತ ಬೇರೆ ಕೆಲಸ ನಮಗೆ ತೋಚದು. ಶಿಕ್ಷೆಯನ್ನು ತಡೆಯಲಾಗದ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ಪರಂಪರೆ ಹೇಳುತ್ತದೆ. ಅವರಿಗೆ ಕಾಲಯಂತ್ರವಿರಲಿಲ್ಲ. ಸಾಕ್ಷಿಯ ಹೊರೆ ಮಾತ್ರ ಹೆಗಲ ಮೇಲಿತ್ತು.

ಪಂಜಾಬಿನ ಆ ಕಥೆಯಲ್ಲಿ ಒಂದು ಕೈಗಡಿಯಾರವಿದೆ. ಮದುವೆಯ ದಿನ ಪ್ರೇಮನ ಕೈಯಿಂದ ಜಾರಿ ಬಿದ್ದು ನಿಂತುಹೋದದ್ದು. ಎಷ್ಟೋ ವರ್ಷಗಳ ಬಳಿಕ ಅದನ್ನು ಮೊಮ್ಮಗಳಿಗೆ ಕೊಡುವಾಗ ಅಜ್ಜಿ ಹಾಕುವ ಷರತ್ತು ಒಂದೇ, ಅದನ್ನು ಎಂದಿಗೂ ದುರಸ್ತಿ ಮಾಡಿಸಕೂಡದು. ಕಾರಣವನ್ನು ಹೇಳುವುದಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡು ಮರಳಿದ ಯಾಸ್ಮಿನ್ ಅಜ್ಜಿಯ ಬಳಿ ಕುಳಿತಾಗ, ಹಳೆಯದನ್ನು ಹೇಳಲೇ ಎಂದು ಅಜ್ಜಿಯೇ ಕೇಳುತ್ತಾಳೆ. ಇನ್ನೊಂದು ದಿನ ಹೇಳು ಎಂದು ಮೊಮ್ಮಗಳು ಅಜ್ಜಿಯ ಮುಖವನ್ನೇ ನೋಡುತ್ತ ಕುಳಿತಿರುತ್ತಾಳೆ.