ತಟ್ಟೆಗಳ ವಾರಸುದಾರರು ಯಾರು?

ಮೂರು ವರ್ಷಗಳ ಹಿಂದಿನ ಮೇ ತಿಂಗಳಲ್ಲಿ ನಂಗನಲ್ಲೂರಿನ ಒಂದು ಹಳೆಯ ಮನೆಗೆ ಹೋಗಿದ್ದೆ. ಸಹೋದ್ಯೋಗಿಯೊಬ್ಬರಿಗೆ ಪರಿಚಯವಿದ್ದ ಕನ್ನಡ ಕುಟುಂಬ. ಯಜಮಾನರು ತೀರಿಕೊಂಡು ವರ್ಷಾಂತಿಕವೂ ಮುಗಿದಿತ್ತು. ಮನೆಯನ್ನು ಬಿಲ್ಡರಿಗೆ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಅಟ್ಟದಿಂದ ಇಳಿಸಿದ್ದ ಎರಡು ತಗಡಿನ ಟ್ರಂಕುಗಳನ್ನು ತೋರಿಸಿ ಮಗ ಹೇಳಿದರು: "ಹಳೇ ಪೇಪರಿನವನು ಪುಸ್ತಕ ಎಲ್ಲಾ ತಗೊಂಡ ಸಾರ್. ಇದು ಮಾತ್ರ ಬೇಡವಂತೆ. ಕಸದ ಗಾಡಿಗೆ ಹಾಕಬೇಕು ಅನ್ನೋಷ್ಟರಲ್ಲಿ ನಿಮ್ಮ ವಿಷಯ ಗೊತ್ತಾಯ್ತು."

ಟ್ರಂಕುಗಳಲ್ಲಿ ಇನ್ನೂರಕ್ಕೂ ಹೆಚ್ಚು ಗಾನಮುದ್ರಿಕೆಗಳಿದ್ದವು. ಏಳಂಗುಲದ ಇ.ಪಿ.ಗಳೇ ಹೆಚ್ಚು, ಕೆಲವು ಹನ್ನೆರಡಂಗುಲದ ಎಲ್.ಪಿ.ಗಳು, ತಳದಲ್ಲಿ ಒಡೆದುಹೋದ ನಾಲ್ಕೈದು ಅರಗಿನ ತಟ್ಟೆಗಳು. ಪ್ರತಿಯೊಂದು ಹೊದಿಕೆಯ ಹಿಂಬದಿಯಲ್ಲೂ ನೀಲಿ ಶಾಯಿಯ ದುಂಡು ಕನ್ನಡ ಅಕ್ಷರಗಳು: ಕೊಂಡ ದಿನಾಂಕ, ಅಂದು ಮನೆಯಲ್ಲಿ ಯಾರು ಯಾರು ಕೂತು ಕೇಳಿದರೆಂಬ ಒಂದು ಸಾಲು. ಅತ್ತೆಯವರು, ಪಕ್ಕದ ಮನೆಯ ಮಾಮಿ, ಊರಿನಿಂದ ಬಂದಿದ್ದ ಚಿಕ್ಕಪ್ಪ. ಒಂದರ ಮೇಲೆ 'ಕರೆಂಟು ಹೋಯಿತು, ಎರಡನೇ ಪಕ್ಕ ನಾಳೆ' ಎಂದಿತ್ತು.

ನಾನು ಕನ್ನಡದವನ್ನಷ್ಟೇ ಆರಿಸಿಕೊಂಡೆ. ತಮಿಳು, ತೆಲುಗು, ಹಿಂದಿಯ ತಟ್ಟೆಗಳನ್ನೂ, ನುಡಿಸಲು ನನ್ನಲ್ಲಿ ಯಂತ್ರವಿಲ್ಲವೆಂಬ ಕಾರಣಕ್ಕೆ ಎರಡು ಸ್ಪೂಲ್ ಟೇಪುಗಳನ್ನೂ ಬಿಟ್ಟು ಬಂದೆ. ಆಟೋದಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮರಳುವಾಗ ದೊಡ್ಡ ಪುಣ್ಯಕಾರ್ಯ ಮಾಡಿದವನಂತೆ ಉಬ್ಬಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಆಯ್ಕೆ ತಪ್ಪೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಹೊರನಾಡ ಕನ್ನಡಿಗರಿಗೆ ಕನ್ನಡದ ಹಾಡೆಂಬುದು ಊರಿನಿಂದ ಕಟ್ಟಿಕೊಂಡು ಬಂದ ಬುತ್ತಿ. ಮುಂಬಯಿಯಲ್ಲೋ ದಿಲ್ಲಿಯಲ್ಲೋ ಇರುವ ಮಿತ್ರರಿಗೆ ಇದು ನಿಜ. ಚೆನ್ನೈಯಲ್ಲಿರುವ ನಮಗೆ ಮಾತ್ರ ಲೆಕ್ಕ ತಿರುವುಮುರುವು. ಅರವತ್ತು ಎಪ್ಪತ್ತರ ದಶಕದ ಚಿತ್ರಗೀತೆಗಳಲ್ಲಿ ಬಹುಪಾಲು ಇಲ್ಲಿಂದಲೇ ಊರಿಗೆ ಹೋದದ್ದು. ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಗಳ ಸ್ಟುಡಿಯೋಗಳಲ್ಲಿ, ವಾಹಿನಿಯಲ್ಲಿ, ಎ.ವಿ.ಎಂ.ನಲ್ಲಿ, ಭರಣಿಯಲ್ಲಿ, ಅವು ಮುದ್ರಣಗೊಂಡವು. ಧ್ವನಿ ಕಲ್ಕತ್ತೆಗೆ ಪ್ರಯಾಣ ಮಾಡಿ ಡಮ್‌ಡಮ್‌ನ ಗ್ರಾಮಫೋನ್ ಕಂಪೆನಿಯ ಕಾರ್ಖಾನೆಯಲ್ಲಿ ತಟ್ಟೆಯಾಗಿ ಒತ್ತಲ್ಪಟ್ಟು, ನಾಯಿಯ ಚಿತ್ರ ಹೊತ್ತು, ಮದರಾಸಿನ ಮೌಂಟ್ ರಸ್ತೆಯ ಅಂಗಡಿಗೂ ಹುಬ್ಬಳ್ಳಿಯ ಹೋಟೆಲಿಗೂ ಬರುತ್ತಿತ್ತು. ಕಾಕಿನಾಡದ ಪಿ.ಬಿ. ಶ್ರೀನಿವಾಸ್, ಗುಂಟೂರು ಜಿಲ್ಲೆಯ ಎಸ್. ಜಾನಕಿ, ಮೈಸೂರಿನ ರಾಜನ್–ನಾಗೇಂದ್ರ ಎಲ್ಲರೂ ಸೇರಿ ಕನ್ನಡವನ್ನು ಹಾಡಿದ್ದು ಈ ಊರಿನ ಸೆಕೆಯಲ್ಲಿ. ಕ್ಯಾಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಪಿ.ಬಿ.ಎಸ್. ಜೇಬು ತುಂಬ ಬಣ್ಣಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಏನಾದರೂ ಬರೆಯುತ್ತ ಕೂತಿರುತ್ತಿದ್ದರೆಂಬುದು ನಗರದ ಹಳಬರಿಗೆಲ್ಲ ಗೊತ್ತು. 2008ರಲ್ಲಿ ಆ ಹೋಟೆಲು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಉದ್ಯಾನವಿದೆ. 2013ರ ಏಪ್ರಿಲಿನಲ್ಲಿ ಅವರೂ ಹೋದರು.

ಅಂದಿನ ಮುದ್ರಣದ ಬಗೆಯನ್ನು ಇಂದಿನವರಿಗೆ ವಿವರಿಸಿ ಹೇಳಬೇಕಾಗುತ್ತದೆ. ಗಾಯಕರೂ ವಾದ್ಯವೃಂದವೂ ಒಂದೇ ಹಜಾರದಲ್ಲಿ ಒಟ್ಟಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಹಾಡಿ ಮುಗಿಸಬೇಕು. ಕೊನೆಯ ಚರಣದಲ್ಲಿ ತಬಲಾದವರೊಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಪಲ್ಲವಿಯಿಂದ. ಆ ವಾದ್ಯವೃಂದದಲ್ಲಿ ತಮಿಳರು, ತೆಲುಗರು, ಮಲಯಾಳಿಗಳು, ಗೋವೆಯವರು, ಆಂಗ್ಲೋ-ಇಂಡಿಯನ್ನರು ಇದ್ದರು. ಬೆಳಿಗ್ಗೆ ತಮಿಳು ಹಾಡಿಗೆ ನುಡಿಸಿದ ಪಿಟೀಲು ಮಧ್ಯಾಹ್ನ ಕನ್ನಡಕ್ಕೆ ನುಡಿಯುತ್ತಿತ್ತು. ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದ ತರುಣರಲ್ಲಿ ಇಳಯರಾಜಾ ಒಬ್ಬರು. ಆದರೆ ಇ.ಪಿ.ಯ ಹೊದಿಕೆಯನ್ನು ತಿರುಗಿಸಿ ನೋಡಿ: ಚಿತ್ರದ ಹೆಸರು, ಗಾಯಕರು, ಸಂಗೀತ ನಿರ್ದೇಶಕರು, ಗೀತರಚನಕಾರರು, ಅಷ್ಟೇ. ಕೊಳಲು ಯಾರದು, ಗಿಟಾರು ಯಾರದು, ಶಬ್ದಗ್ರಾಹಕರು ಯಾರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಕನ್ನಡದ ತಟ್ಟೆಯನ್ನು ಮಾತ್ರ ಆರಿಸಿ ತಮಿಳಿನದನ್ನು ಬಿಟ್ಟುಬಂದ ನಾನು ಒಂದೇ ವಾದ್ಯಮೇಳದ ಅರ್ಧವನ್ನು ಕಸದ ಗಾಡಿಗೆ ಬಿಟ್ಟು ಬಂದಿದ್ದೆ.

'ಎಲ್ಲವೂ ಯೂಟ್ಯೂಬಿನಲ್ಲಿ ಇದೆಯಲ್ಲ' ಎಂಬುದು ನಾನು ಅತಿ ಹೆಚ್ಚು ಕೇಳಿರುವ ಆಕ್ಷೇಪ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಟ್ಟೆಯ ನಾದವೇ ಶ್ರೇಷ್ಠವೆಂಬ ವಾದದಲ್ಲೂ ನನಗೆ ನಂಬಿಕೆಯಿಲ್ಲ. ವಿನೈಲ್ ಎಂಬುದು ಕಚ್ಚಾತೈಲದ ಮೊಮ್ಮಗು. 1973ರ ತೈಲ ಬಿಕ್ಕಟ್ಟಿನ ಬಳಿಕ ಜಗತ್ತಿನೆಲ್ಲೆಡೆ ತಟ್ಟೆಗಳು ತೆಳುವಾದವು. ನನ್ನಲ್ಲಿರುವ ಎಪ್ಪತ್ತರ ದಶಕದ ಎಷ್ಟೋ ಮುದ್ರಿಕೆಗಳು ಹಾಡುವುದಕ್ಕಿಂತ ಹೆಚ್ಚಾಗಿ ಒಗ್ಗರಣೆಯಂತೆ ಸಿಡಿಯುತ್ತವೆ. ನನ್ನ ಆಸಕ್ತಿ ಬೇರೆ ಕಡೆ ಇದೆ. ಅಂತರ್ಜಾಲದಲ್ಲಿ ಕೇಳುವ ಹಲವು ಪ್ರತಿಗಳು ಸವೆದ ಕ್ಯಾಸೆಟ್ಟಿನಿಂದ ಇಳಿಸಿದವು. ಮೋಟಾರಿನ ವೇಗ ಹೆಚ್ಚಿ ಶ್ರುತಿ ಅರ್ಧ ಮನೆ ಮೇಲೇರಿರುತ್ತದೆ, ಹಿಂದಿನಿಂದ ಪ್ರತಿಧ್ವನಿಯನ್ನು ಸುರಿದಿರುತ್ತಾರೆ. ನಾಲ್ಕು ಹಾಡುಗಳನ್ನು ಏಳಂಗುಲದೊಳಗೆ ಕೂರಿಸಬೇಕಾಗಿದ್ದ ಇ.ಪಿ.ಯಲ್ಲಿ ಚರಣವೊಂದು ಬಿಟ್ಟುಹೋಗುವುದಿತ್ತು; ಚಿತ್ರದಲ್ಲಿ ಕತ್ತರಿಗೆ ಸಿಕ್ಕಿದ ಹಾಡು ತಟ್ಟೆಯಲ್ಲಿ ಉಳಿದುಕೊಳ್ಳುವುದೂ ಇತ್ತು. ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದಾಗಲೇ ಹಾಡಿನ ಪೂರ್ಣಪಾಠ ಗೊತ್ತಾಗುವುದು. ಹಸ್ತಪ್ರತಿಗಳ ಪಾಠಾಂತರಕ್ಕೆ ನಮ್ಮ ವಿದ್ವಾಂಸರು ಆಯುಷ್ಯವನ್ನೇ ಸವೆಸಿದರು. ಹಾಡಿನ ಪಾಠಾಂತರವೂ ಪಾಠಾಂತರವೇ.

1966ರ 'ಸಂಧ್ಯಾರಾಗ'ವನ್ನು ತೆಗೆದುಕೊಳ್ಳೋಣ. ಅ.ನ.ಕೃ. ಅವರ ಕಾದಂಬರಿ, ಜಿ.ಕೆ. ವೆಂಕಟೇಶ್ ಮತ್ತು ಬಾಲಮುರಳಿಕೃಷ್ಣರ ಸಂಗೀತ, ಭೀಮಸೇನ ಜೋಶಿಯವರ ಕಂಠ. ಒಂಬತ್ತು ವರ್ಷಗಳ ಬಳಿಕ ತ.ರಾ.ಸು. ಅವರ 'ಹಂಸಗೀತೆ' ತೆರೆಗೆ ಬಂದು, ಅದರ ಗಾಯನಕ್ಕಾಗಿ ಚೆನ್ನೈಯಲ್ಲಿ ನೆಲೆಸಿದ್ದ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡ ಕಾದಂಬರಿ, ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳು ಒಂದೇ ಕಡೆ ಸಂಧಿಸಿದ ಇಂಥ ಗಳಿಗೆಗಳ ಬಗ್ಗೆ ಕಾದಂಬರಿಯ ಎಷ್ಟನೆಯ ಮುದ್ರಣ ಎಂದು ಕೇಳುವ ನಾವು, ಹಾಡು ಎಷ್ಟನೆಯ ಮುದ್ರಣ ಎಂದು ಕೇಳಿದ್ದೇವೆಯೇ?

ಕೇಳದಿರುವುದಕ್ಕೆ ಕಾನೂನೂ ಒಂದು ಕಾರಣವೆನ್ನಿಸುತ್ತದೆ. ಸರಕಾರಿ ಕೆಲಸದವನಾದ್ದರಿಂದ ಕಾಯಿದೆ ಓದುವ ಚಟ ನನಗಿದೆ; ಓದುಗರು ಕ್ಷಮಿಸಬೇಕು. ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯಂತೆ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಆ ಮೂರರಲ್ಲಿ ಒಂದು ನಮ್ಮ ಎಳುಂಬೂರಿನ ಕನ್ನೆಮರಾ. ಪುಸ್ತಕವೆಂದರೆ ಏನೆಂಬ ವ್ಯಾಖ್ಯೆಯಲ್ಲಿ ಕಿರುಹೊತ್ತಗೆಯಿದೆ, ನಕಾಶೆಯಿದೆ, ಬಿಡಿಯಾಗಿ ಅಚ್ಚಾದ ಸಂಗೀತದ ಹಾಳೆಯೂ ಇದೆ. ಆದರೆ ಸಂಗೀತವೇ ಇಲ್ಲ! ಸ್ವರಲಿಪಿಯ ಕಾಗದ ಕಾಯಿದೆಯ ಪಾಲಿಗೆ ಗ್ರಂಥ, ಅದೇ ಹಾಡಿನ ತಟ್ಟೆ ಬಜಾರಿನ ಸರಕು. ಫ್ರಾನ್ಸು 1938ರಲ್ಲಿಯೇ ಧ್ವನಿಮುದ್ರಿಕೆಗಳಿಗೆಂದು ರಾಷ್ಟ್ರೀಯ ಭಂಡಾರವನ್ನು ಸ್ಥಾಪಿಸಿತ್ತು. ನಮ್ಮಲ್ಲಿ ಕಾನೂನಿನ ಈ ಕಿಂಡಿಯ ಫಲವಾಗಿ ಅರವತ್ತರ ಕನ್ನಡ ಧ್ವನಿಯ ಕಾಪು ನಂಗನಲ್ಲೂರಿನ ಅಟ್ಟಗಳಿಗೆ ಬಿದ್ದಿದೆ.

ಅಟ್ಟಗಳ ಸ್ಥಿತಿಯೋ, ಹೇಳದಿರುವುದೇ ವಾಸಿ. ಚೆನ್ನೈಯ ಮೇ ಬಿಸಿಲಿಗೆ ಕಾಂಕ್ರೀಟಿನ ಕೆಳಗೆ ಒಂದರ ಮೇಲೊಂದು ಮಲಗಿಸಿಟ್ಟ ವಿನೈಲು ಹಪ್ಪಳದಂತೆ ಬಾಗುತ್ತದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ ನೆಲಮಹಡಿಗಳಲ್ಲಿದ್ದ ಎಷ್ಟೋ ಸಂಗ್ರಹಗಳು ನೀರುಪಾಲಾದವು. ನೀರಿಗೆ ತಟ್ಟೆ ಅಂಜುವುದಿಲ್ಲ. ಕರಗಿ ಹೋದದ್ದು ಹೊದಿಕೆ ಮತ್ತು ನಡುವಿನ ಚೀಟಿ, ಅಂದರೆ ಹಾಡಿನ ಹೆಸರು, ಕುಲಗೋತ್ರ. ಅದಕ್ಕೂ ಮುಂಚೆ, 1985ರಲ್ಲಿ, ಸೆಂಟ್ರಲ್ ನಿಲ್ದಾಣದ ಪಕ್ಕದ ಮೂರ್ ಮಾರ್ಕೆಟ್ಟು ಉರಿದುಹೋಯಿತು. ಹಳೆಯ ಪುಸ್ತಕಕ್ಕೂ ಹಳೆಯ ತಟ್ಟೆಗೂ ಈ ನಗರದಲ್ಲಿ ಅದಕ್ಕಿಂತ ದೊಡ್ಡ ಮನೆಯಿರಲಿಲ್ಲ. ಅದು ನಿಜಕ್ಕೂ ಅರಗಿನ ಮನೆಯೇ ಆಯಿತು. ಒಳಗಿದ್ದವರಿಗೆ ವಿದುರನ ಸುರಂಗವೊಂದು ಇರಲಿಲ್ಲ, ಅಷ್ಟೆ. ಅಲ್ಲಿಂದ ಎದ್ದುಬಂದ ಅಂಗಡಿಗಳು ಹಿಂದಿನ ಲಿಲ್ಲಿ ಪಾಂಡ್ ಕಟ್ಟಡಕ್ಕೆ ಸೇರಿಕೊಂಡವು. ನಾನು ಈ ಊರಿಗೆ ವರ್ಗವಾಗಿ ಬಂದ ಮೊದಲ ವರ್ಷಗಳ ಶನಿವಾರಗಳನ್ನು ಕಳೆದದ್ದು ಅಲ್ಲೇ.

ಇನ್ನು ನಮ್ಮ ಕುಲದವರ, ಅಂದರೆ ಸಂಗ್ರಾಹಕರ ಮಾತು. ಅಮೆರಿಕದಲ್ಲಿ 2020ರಲ್ಲಿ ವಿನೈಲಿನ ವರಮಾನ ಸಿ.ಡಿ.ಯದನ್ನು ಮೀರಿಸಿತು. ಆ ಗಾಳಿ ಇಲ್ಲಿಗೂ ಬೀಸಿ ಬೆಲೆಗಳು ಏರಿವೆ. ಹೊದಿಕೆಗೆ ಚೌಕಟ್ಟು ಹಾಕಿ ಕಾಫಿ ಅಂಗಡಿಯ ಗೋಡೆಗೆ ನೇತುಹಾಕುವವರು, ತಟ್ಟೆಗೆ ಮುಳ್ಳು ಚುಚ್ಚಿ ಗಡಿಯಾರ ಮಾಡುವವರು ಒಂದು ಬಗೆ. ಅವರಿಗಿಂತ ಹೆಚ್ಚು ಹಾನಿಕರರು ತೆರೆಯದ, ನುಡಿಸದ, ಯಾರಿಗೂ ತೋರಿಸದ ಸಂಗ್ರಾಹಕರು. ಎಂ.ಎ. ತರಗತಿಯಲ್ಲಿ ವಾಲ್ಟರ್ ಬೆಂಜಮಿನ್ ತನ್ನ ಪುಸ್ತಕಗಳ ಪೆಟ್ಟಿಗೆ ಬಿಚ್ಚುತ್ತ 1931ರಲ್ಲಿ ಬರೆದ ಪ್ರಬಂಧವನ್ನು ಓದಿದಾಗ ಸಂಗ್ರಾಹಕನೆಂದರೆ ವಸ್ತುವಿಗೆ ಮರುಜನ್ಮ ಕೊಡುವವನೆಂದು ರೋಮಾಂಚನಗೊಂಡಿದ್ದೆ. ಅಡಾರ್ನೋ ಮೂರು ವರ್ಷಗಳ ಬಳಿಕ ಗ್ರಾಮಫೋನ್ ತಟ್ಟೆಗಳನ್ನು ಒಣಗಿಸಿಟ್ಟ ಸಸ್ಯಗಳ ಸಂಗ್ರಹಕ್ಕೆ ಹೋಲಿಸಿದ. ನಮ್ಮ ಅನೇಕ ಕಪಾಟುಗಳನ್ನು ನೋಡಿದರೆ ಅಡಾರ್ನೋನ ಮಾತೇ ಹತ್ತಿರವೆನಿಸುತ್ತದೆ. ಹೊರಗಿನವರನ್ನು ಯಾಕೆ ದೂರಲಿ? ಸಂಶೋಧಕಿಯೊಬ್ಬಳು ನನ್ನಲ್ಲಿರುವ ಇ.ಪಿ.ಗಳ ಪಟ್ಟಿ ಕೇಳಿದಾಗ 'ಮಾಡಿ ಕೊಡುತ್ತೇನಮ್ಮ' ಎಂದು ಒಂದೂವರೆ ವರ್ಷ ಸತಾಯಿಸಿದವನು ನಾನೇ. ಪಟ್ಟಿ ಹೊರಬಿದ್ದರೆ ಬೇಟೆಯ ಜಾಗ ಬಯಲಾಗುತ್ತದೆಂಬ ಕ್ಷುಲ್ಲಕ ಭಯ.

ತಮಿಳರನ್ನು ಕಂಡು ಈ ವಿಷಯದಲ್ಲಿ ನನಗೆ ಹೊಟ್ಟೆಯುರಿಯಿದೆ. ಕೋಟ್ಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರ್ ಎಂಬೊಬ್ಬರು ಕೂಡಿಟ್ಟ ಪುಸ್ತಕ, ಕರಪತ್ರ, ಪಾಟ್ಟುಪುಸ್ತಕಗಳ ರಾಶಿಯಿಂದ ಹುಟ್ಟಿದ ಗ್ರಂಥಾಲಯ ಇವತ್ತು ತರಮಣಿಯಲ್ಲಿದೆ. ಗ್ರಾಮಫೋನ್ ತಟ್ಟೆಗಳೂ ಅಲ್ಲಿ ಸೇರಿವೆ. ವಿ.ಎ.ಕೆ. ರಂಗರಾವ್ ಇದೇ ನಗರದಲ್ಲಿ ಕುಳಿತು ಸಾವಿರಾರು ತಟ್ಟೆಗಳನ್ನು ಕೂಡಿಸಿದ್ದಷ್ಟೇ ಅಲ್ಲ, ಅವುಗಳ ಬಗ್ಗೆ ಬರೆದರು. ಕನ್ನಡದ ತಟ್ಟೆಗಳ ಬಗ್ಗೆ ಅಂಥ ಕೆಲಸಕ್ಕೆ ಬೆಂಗಳೂರಿಗಿಂತ ಚೆನ್ನೈ ಹೆಚ್ಚು ಅನುಕೂಲದ ಊರು. ನುಡಿಸಿದವರು, ಅವರ ಮಕ್ಕಳು ಇನ್ನೂ ಸಾಲಿಗ್ರಾಮದ ಗಲ್ಲಿಗಳಲ್ಲಿದ್ದಾರೆ, ನಮಗೆ ತಮಿಳೂ ಬರುತ್ತದೆ. ರಾಜ್ಯೋತ್ಸವಕ್ಕೆ ಕರೋಕೆ ಹಾಕಿ ಹಾಡುವ ನಮ್ಮ ಸಂಘಗಳು, ಆ ಮೂಲ ಹಾಡಿಗೆ ಕೊಳಲೂದಿದವರು ನಾಲ್ಕು ಬೀದಿಯಾಚೆ ಇದ್ದರೆ ಕರೆದು ಮಾತಾಡಿಸಬಾರದೇ?

ಹಕ್ಕಿನ ಭಯವೂ ಒಂದಿಷ್ಟು ಕಡಿಮೆಯಾಗುತ್ತಿದೆ. ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. ಹಾಗಾಗಿ 1964ರ ಮುದ್ರಿಕೆಗಳು 2025ರ ಜನವರಿ 1ರಿಂದ ಆ ಹಕ್ಕಿನಿಂದ ಬಿಡುಗಡೆ ಹೊಂದಿವೆ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಮಾತ್ರ ಬರೆದವರ ನಿಧನದ ಬಳಿಕವೂ 60 ವರ್ಷ ಇರುತ್ತದೆ; ಆದ್ದರಿಂದ ಮನಬಂದಂತೆ ಅಂತರ್ಜಾಲಕ್ಕೆ ಏರಿಸುವ ಹಾಗಿಲ್ಲ. ಪಟ್ಟಿ ಮಾಡುವುದಕ್ಕೆ, ಚೀಟಿಯ ಫೋಟೋ ತೆಗೆದಿಡುವುದಕ್ಕೆ, ಒಂದೆಡೆ ಕೂತು ಕೇಳುವುದಕ್ಕೆ ಯಾವ ಕಾಯಿದೆಯೂ ಅಡ್ಡಬರುವುದಿಲ್ಲ.

ನಂಗನಲ್ಲೂರಿನ ಆ ಸ್ಪೂಲುಗಳ ಬಗ್ಗೆ ಹೇಳಬೇಕು. ಎರಡು ತಿಂಗಳ ಮೇಲೆ ಆ ಮನೆಯ ಹಿರಿಯ ಹೆಣ್ಣುಮಗಳು, ಯಜಮಾನರ ಪತ್ನಿ, ಫೋನು ಮಾಡಿದರು. ತಟ್ಟೆಗಳನ್ನು ಚೆನ್ನಾಗಿ ಇಟ್ಟಿದ್ದೀರಾ ಎಂದು ವಿಚಾರಿಸಿ, "ಆ ದೊಡ್ಡ ಚಕ್ರದ ಟೇಪು ಇತ್ತಲ್ಲಪ್ಪ, ಅದರಲ್ಲಿ ನಮ್ಮಮ್ಮ ಹಸೆಗೆ ಕರೆಯೋ ಹಾಡು ಹೇಳಿದ್ದು ಇತ್ತು. ಅವರೇ ಹಿಡಿದಿದ್ದು. ನೀವು ತಗೊಂಡು ಹೋದ್ರಿ ಅಲ್ವಾ?" ಎಂದರು. ಇಲ್ಲವೆಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿರಲಿಲ್ಲ. "ಹೋಗಲಿ ಬಿಡಿ, ನಿಮಗೆ ಹೇಗೆ ಗೊತ್ತಾಗಬೇಕು," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಅಂದು ರಾತ್ರಿ ಕೂತು ಸಂಶೋಧಕಿಗೆ ಕೊಡಬೇಕಾಗಿದ್ದ ಪಟ್ಟಿಯನ್ನು ಮೊದಲು ಮಾಡಿದೆ. ಹೊದಿಕೆಗಳ ಹಿಂದಿನ ನೀಲಿ ಶಾಯಿಯ ಸಾಲುಗಳನ್ನೂ ಅದರಲ್ಲಿ ಸೇರಿಸಿದೆ. ಮಾಮಿ, ಚಿಕ್ಕಪ್ಪ, ಹೋದ ಕರೆಂಟು ಸಮೇತ.

ಈಗ ತಿಂಗಳ ಎರಡನೆಯ ಭಾನುವಾರ ಸಂಜೆ ನಮ್ಮ ಮನೆಯ ಹಜಾರದಲ್ಲಿ ಪ್ಲೇಯರು ಇರುತ್ತದೆ, ಆರೇಳು ಜನ ಬರುತ್ತಾರೆ, ಆ ಅಮ್ಮನೂ ಎರಡು ಸಲ ಬಂದಿದ್ದರು. ಹಳೆಯ ಟೇಪುಗಳನ್ನು ನುಡಿಸುವ ಯಂತ್ರವಿರುವ ಮಿತ್ರರೂ ಒಬ್ಬರು ಸಿಕ್ಕಿದ್ದಾರೆ. ನಿಮ್ಮಲ್ಲಿ ತಟ್ಟೆಗಳಿದ್ದರೆ ತನ್ನಿ, ಯಾವ ಭಾಷೆಯದಾದರೂ ಸರಿ. ಬರುವ ಮುಂಚೆ ಒಣಬಟ್ಟೆಯಿಂದ ಮಾತ್ರ ಒರೆಸಬೇಡಿ. ಧೂಳು ಗೀರಿನೊಳಕ್ಕೆ ಇಳಿಯುತ್ತದೆ. ಹೇಗಿದೆಯೋ ಹಾಗೇ ತನ್ನಿ, ಇಲ್ಲಿ ತೊಳೆದುಕೊಳ್ಳೋಣ.