ತಾತನ ಗಡಿಯಾರಕ್ಕೆ ಎಣ್ಣೆ ಬಿಡಬೇಡ್ರಮ್ಮ

ಮೊನ್ನೆ ಎದುರುಮನೆ ಅಕ್ಕ ಒಂದು ಬಟ್ಟೆಗಂಟು ತಂದು ಬಿಚ್ಚಿದ್ರು. ಒಳಗೆ ಅವರ ಮಾವನವರ ಜೇಬುಗಡಿಯಾರ. "ನಿಮ್ಮನೇದು ಓಡ್ತೈತಲ್ಲ, ಇದಕ್ಕೂ ಒಂಚೂರು ಕೊಬ್ಬರಿ ಎಣ್ಣೆ ಬಿಟ್ರೆ ಓಡ್ತದಾ?" ಅಂದ್ರು. ಕೊಬ್ಬರಿ ಎಣ್ಣೇನೂ ಬೇಡ, ಹೊಲಿಗೆ ಮಿಷಿನ್ ಎಣ್ಣೇನೂ ಬೇಡ ಕಣಕ್ಕಾ ಅಂದೆ. ನಾವು ಅನುಭವಿಸಿದೋರು.

ನಮ್ಮನೇಲಿರೋದು ನಮ್ಮತ್ತೆಯ ಮಾವನವರದು. ಬಿಳಿ ಮುಖದ ಮೇಲೆ ವೆಸ್ಟ್ ಎಂಡ್ ಅಂತ ಬರೆದೈತೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿದ ಮೇಲೆ ಅದಕ್ಕೆ ಕೀ ಕೊಡೋದು ಅವರದೇ ಕೆಲಸ. ಒಂದ್ಸಲ ಕೈಜಾರಿ ಬಿತ್ತು, ನಿಂತೋಯ್ತು. ಹತ್ತಿರದ ಅಂಗಡಿಯವನು ಹಿಂದಿನ ಮುಚ್ಚಳ ತೆಗೆದು, ಎಣ್ಣೆ ಬಿಟ್ಟು, ಐದು ನಿಮಿಷದಲ್ಲಿ ಕೊಟ್ಟ. ಎಂಟು ದಿನ ಹೆಂಗೋ ಓಡ್ತು, ಆಮೇಲೆ ಅಲ್ಲಾಡಲಿಲ್ಲ. "ಬ್ಯಾಟರಿ ಮಿಷಿನ್ ಕೂರಿಸಿ ಕೊಡ್ತೀನಿ, ಹಳೇದು ಬಿಸಾಕಿ" ಅಂದ. ಅತ್ತೆ ಗಡಿಯಾರ ಕಿತ್ಕೊಂಡು ಬಂದ್ಬಿಟ್ರು.

ಕಡೆಗೆ ಮಾಕಳಿಯಿಂದ ಮಾದಾವರಕ್ಕೆ ಹೋಗಿ, ಮೆಟ್ರೊ ಹತ್ತಿ, ಚಿಕ್ಕಪೇಟೇಲಿ ಒಬ್ಬ ವಯಸ್ಸಾದ ರಿಪೇರಿಯವರ ಹತ್ರ ಕೊಟ್ವಿ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ನೋಡಿ, ನನಗೂ ತೋರಿಸಿದ್ರು. ಹಳೇ ಎಣ್ಣೆ ಧೂಳಿನ ಜೊತೆ ಸೇರಿ, ನಮ್ಮ ಅಡುಗೆಮನೆ ಫ್ಯಾನಿನ ಜಿಡ್ಡಿನ ಥರಾನೇ ಕೂತಿತ್ತು. ಅದರ ಮೇಲೆ ಹೊಸ ಎಣ್ಣೆ ಬಿಟ್ರೆ ಹಲ್ಲುಗಳು ಸವೀತಾವೆ ಅಷ್ಟೆ. ಪೂರ್ತಿ ಬಿಚ್ಚಬೇಕು, ತೊಳೀಬೇಕು, ಒಂದೊಂದು ಕೀಲಿಗೂ ಸೂಜಿಮೊನೆಯಷ್ಟೇ ಎಣ್ಣೆ. ಅದಲ್ಲದೆ ತೂಗಾಡೋ ಚಕ್ರದ ಕಡ್ಡಿ ತುದೀನೂ ಮುರಿದಿತ್ತು. ಆ ಚಕ್ರ ಗಂಟೆಗೆ 18,000 ಸಲ ಹೊಡ್ಕೋತದೆ. ದಿನಕ್ಕೆ ನಾಲ್ಕು ಲಕ್ಷದ ಮೇಲಾಯ್ತು! ಅಷ್ಟೂ ಭಾರ ಕೂದಲಂಥ ತುದಿ ಮೇಲೆ. ನಮ್ಮದರಂಥ ಹಳೇವಕ್ಕೆ ಬಿದ್ದ ಪೆಟ್ಟು ತಡೆಯೋ ಮೆತ್ತೆ ಇರಲ್ವಂತೆ.

ಸಾಮಾನು ಸಿಗೋದು ಇನ್ನೊಂದು ಕಥೆ. ಮುಖದ ಮೇಲೆ ವೆಸ್ಟ್ ಎಂಡ್ ಅಂತಿದ್ರೂ ಒಳಗಿನ ಮಿಷಿನ್ ಬೇರೆ ಬೇರೆಯವರು ಮಾಡಿರ್ತಾರೆ. ಹೆಸರು ನೋಡಿ ತಂದದ್ದು ಕೂರಲ್ಲ. ಇನ್ನೊಂದು ಸತ್ತ ಗಡಿಯಾರದಿಂದ ತೆಗೀಬೇಕು, ಇಲ್ಲಾ ಲೇತಲ್ಲಿ ಹೊಸದು ಕಡೀಬೇಕು. ಮೂರು ತಿಂಗಳಾಯ್ತು, 3,500 ರೂಪಾಯಾಯ್ತು.

"ಆ ಗಡಿಯಾರಕ್ಕೇ ಅಷ್ಟು ಬೆಲೆ ಇಲ್ಲ" ಅಂತ ನಮ್ಮ ಯಜಮಾನ್ರು ಇವತ್ತಿಗೂ ಗೊಣಗ್ತಾರೆ. ನಾನಂತೂ ಒಪ್ಪಲ್ಲ. ಬ್ಲೌಸ್ ಹೊಲಿಯೋರಿಗೆ ಬಟ್ಟೆಗಿಂತ ಜಾಸ್ತಿ ಕೂಲಿ ಕೊಡ್ತೀವಿ, ಯಾರೂ ತಪ್ಪು ಅನ್ನಲ್ಲ. ಇದ್ಯಾಕೆ ಇನ್ನೂರಕ್ಕೆ ಆಗಬೇಕು? ಮೆಟ್ರೊದಲ್ಲಿ ಜಾಲಹಳ್ಳಿ ದಾಟ್ತೀವಲ್ಲ, ಅಲ್ಲೇ 1961ರಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಜೊತೆ ಕೈಗಡಿಯಾರ ಶುರುಮಾಡಿದ್ದು. ಎಷ್ಟೊಂದು ಹೆಣ್ಣುಮಕ್ಕಳು ಆ ಮೇಜಿನ ಮುಂದೆ ಕೂತು ಈ ಸಣ್ಣ ಸಣ್ಣ ಚಕ್ರ ಜೋಡಿಸಿದ್ರು. 2016ರಲ್ಲಿ ಸರ್ಕಾರ ಮುಚ್ಚೋಕೆ ಒಪ್ಪಿತು. ಕೆಲಸ ಕಲಿತ ಕೈಗಳಿಗೆ ಈಗ ವಯಸ್ಸಾಗ್ತಾ ಐತೆ. ಚಿಕ್ಕಪೇಟೆಯವರ ಮಗನೂ ಮೊಬೈಲ್ ಅಂಗಡಿ ಇಟ್ಟವ್ನೆ. ನಾವು ಹಿಂಗೇ ಚೌಕಾಸಿ ಮಾಡಿದ್ರೆ ಆ ಮಗನ್ನ ಬೈಯೋದ್ಯಾಕೆ?

ಆದ್ರೆ ದುಡ್ಡು ಕೊಡೋರು ಬಾಯಿಬಿಟ್ಟು ಕೇಳಿ. ಪೂರ್ತಿ ಬಿಚ್ಚಿ ತೊಳೀತೀರಾ ಅಂತ ಕೇಳಿ, ಬದಲಾಯಿಸಿದ ಹಳೇ ಸಾಮಾನು ವಾಪಸ್ ಇಸ್ಕೊಳ್ಳಿ. ಮುಖಕ್ಕೆ ಹೊಸ ಬಣ್ಣ ಹೊಡೆಸಬೇಡಿ. ಕತ್ತಲಲ್ಲಿ ಹೊಳೆಯೋಕೆ ಅಂತ ಅಂಕಿಗೆ ಬಣ್ಣ ಹಚ್ಚಿದ್ರೆ ಮಕ್ಕಳ ಕೈಗೆ ಬಿಚ್ಚೋಕೆ ಕೊಡಬೇಡಿ. ಹಿಂದೆ ಅದಕ್ಕೆ ರೇಡಿಯಂ ಹಾಕ್ತಿದ್ರು, ಹೊಳಪು ಹೋದ್ರೂ ವಿಷ ಹೋಗಲ್ಲ. ಅಯಸ್ಕಾಂತ ಇರೋ ಮೊಬೈಲ್ ಪೌಚ್ ಪಕ್ಕಾನೂ ಇಡಬೇಡಿ, ಒಳಗಿನ ಸುರುಳಿ ಅಂಟ್ಕೊಂಡು ಗಡಿಯಾರ ಮುಂದಕ್ಕೆ ಓಡ್ತದೆ.

ನಮ್ಮದು ಈಗಲೂ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತದೆ. ಅತ್ತೆ ಹಾಲಿಳಿಸಿ, ಕೀ ಕೊಟ್ಟು, ಮುಳ್ಳು ಸರಿಮಾಡ್ತಾರೆ. ಎದುರುಮನೆ ಅಕ್ಕನಿಗೆ ಸೋಮವಾರ ಹೊರಡೋಣ ಅಂದಿದ್ದೀನಿ, ಭಾನುವಾರ ಅವರ ಅಂಗಡಿ ತೆಗೆಯಲ್ಲ.