ಬಾಳೆಹಣ್ಣಿನ ಜೋಕ್ ಗೊತ್ತು, ಸಿನಿಮಾ ಗೊತ್ತಾ?

ಒಂದು ರೂಪಾಯಿ ಕೊಟ್ಟು ಎರಡು ಬಾಳೆಹಣ್ಣು ತಾ ಅಂದ್ರೆ ಬಂದದ್ದು ಒಂದೇ. ಇನ್ನೊಂದು ಎಲ್ಲಿ ಅಂತ ಕೇಳಿದ್ರೆ, ಅದೇ ಇದು ಅನ್ನೋ ಉತ್ತರ! ಗೌಂಡಮಣಿ–ಸೆಂಥಿಲ್ ಜೋಡಿಯ ಈ ಕ್ಲಿಪ್ ತಮಿಳು ಬಾರದವರ ಫೋನಿಗೂ ಬಂದಿರುತ್ತೆ. ನಮ್ಮ ಟೀಮಲ್ಲಂತೂ ಎರಡು ಬಗ್ ಕೊಟ್ಟು ಒಂದೇ ಫಿಕ್ಸ್ ವಾಪಸ್ ಬಂದಾಗ ಯಾರಾದ್ರೂ ಗ್ರೂಪಿಗೆ ಇದನ್ನೇ ಹಾಕ್ತಾರೆ.

ಆದರೆ ಈ ಜೋಕ್ ಇರುವ ಇಡೀ ಸಿನಿಮಾ ನೋಡಿದವರು ನಮ್ಮ ವಯಸ್ಸಿನಲ್ಲಿ ಕಮ್ಮಿ. ಅದು 1989ರ ‘ಕರಗಾಟ್ಟಕ್ಕಾರನ್’. ನಿರ್ದೇಶನ ಗಂಗೈ ಅಮರನ್, ಸಂಗೀತ ಅವರ ಅಣ್ಣ ಇಳಯರಾಜಾ. ನಾಯಕ ರಾಮರಾಜನ್, ನಾಯಕಿ ಕನಕಾ. ಆಕೆಗೆ ಇದೇ ಮೊದಲ ಸಿನಿಮಾ. ಮದುರೈನಲ್ಲಿ ವರ್ಷಕ್ಕೂ ಹೆಚ್ಚು ಓಡಿತು.

ಕಥೆ ಸರಳ. ಮುತ್ತಯ್ಯ, ಕಾಮಾಕ್ಷಿ ಬೇರೆ ಬೇರೆ ಊರಿನ ಕರಗಾಟ್ಟಂ ಕಲಾವಿದರು. ತಲೆ ಮೇಲೆ ಅಲಂಕರಿಸಿದ ಕೊಡ ಇಟ್ಟು, ಕೈಯಲ್ಲಿ ಹಿಡಿಯದೆ, ನಾಗಸ್ವರ–ತವಿಲ್ ವಾದ್ಯಕ್ಕೆ ಕುಣಿಯೋದೇ ಅವರ ಕಸುಬು. ಒಬ್ಬರಿಗೊಬ್ಬರು ಇಷ್ಟ ಆಗ್ತಾರೆ, ಆದರೆ ಮೊದಲು ಬಾಯಿಬಿಡೋಕೆ ಇಬ್ಬರಿಗೂ ಜಂಬ ಅಡ್ಡ. 1968ರ ‘ತಿಲ್ಲಾನಾ ಮೋಹನಾಂಬಾಳ್’ನಲ್ಲಿ ನಾಗಸ್ವರ ವಿದ್ವಾಂಸ ಮತ್ತು ಭರತನಾಟ್ಯ ಕಲಾವಿದೆಯ ನಡುವೆ ಇದ್ದ ಪೈಪೋಟಿ, ಪ್ರೀತಿಯನ್ನೇ ಇಲ್ಲಿ ಊರಹಬ್ಬದ ಅಂಗಳಕ್ಕೆ ಇಳಿಸಿದ್ದಾರೆ.

ನನಗೆ ಹಿಡಿಸಿದ್ದು ಆ ಪ್ರೀತಿ ಹುಟ್ಟುವ ರೀತಿ. ಅಲ್ಲಿ ರೂಪದಷ್ಟೇ ಕೆಲಸಕ್ಕೂ ಬೆಲೆ ಇದೆ. ಎದುರಿನವರು ಎಷ್ಟು ಚೆನ್ನಾಗಿ ಆಡ್ತಾರೆ ಅನ್ನೋದು ಅದೇ ಕಸುಬಿನವರಿಗೆ ಮಾತ್ರ ಪೂರ್ತಿ ಗೊತ್ತಾಗೋದು. ಗೊತ್ತಾದ ಮೇಲೂ ಹೊಗಳೋಕೆ ನಾಲಿಗೆ ಏಳಲ್ಲ. ಪಕ್ಕದ ಸೀಟಿನವರ ಕೋಡ್ ನಮ್ಮದಕ್ಕಿಂತ ಚೆನ್ನಾಗಿದ್ದಾಗ ‘ಪರವಾಗಿಲ್ಲ’ ಅಂತ ಮುಗಿಸೋ ನಮಗೆ ಇದು ಹೊಸದೇನಲ್ಲ, ಅಲ್ವಾ?

ಬಾಳೆಹಣ್ಣಿನ ಜಗಳ ಆಡುವವರೂ ಇದೇ ತಂಡದವರು. ಕರೆದ ಊರಿಗೆ ಹೋಗಿ, ಆಡಿ, ಮುಂದಿನ ಊರಿಗೆ ಹೊರಡುವ ಜನ. ಅವರು ಸವಾರಿ ಮಾಡುವ ಹಳೇ ಕಾರು, ಅದರ ಹಿಂದಿನ ಒಡತಿಯ ಬಗ್ಗೆ ಕೇಳೋ ಪ್ರಶ್ನೆ, ಕೋವೈ ಸರಳಾ ಜೊತೆಗಿನ ಜಟಾಪಟಿ, ಎಲ್ಲವೂ ಒಂದು ದುಡಿಯುವ ತಂಡದ ಒಳಗಿನ ತಮಾಷೆ. ಸಿನಿಮಾ ಅವರ ಜೊತೆ ನಗುತ್ತೆ, ಅವರ ಕಸುಬನ್ನು ಗೇಲಿ ಮಾಡಲ್ಲ.

ನಮ್ಮ ಬೆಂಗಳೂರು ಕರಗ ನೋಡಿದವರಿಗೆ ಹೆಸರು ಪರಿಚಿತ ಅನ್ನಿಸಬಹುದು. ಆದರೆ ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆ ರಾತ್ರಿ ಹೊರಡುವ ಕರಗ ಆರಾಧನೆ. ತಮಿಳುನಾಡಿನಲ್ಲೂ ಮಾರಿಯಮ್ಮನಿಗೆ ಹೊರುವ ಶಕ್ತಿ ಕರಗಂ ಬೇರೆ, ಜನರ ಮುಂದೆ ಆಡುವ ಆಟ್ಟ ಕರಗಂ ಬೇರೆ. ಸಿನಿಮಾದ ಜೋಡಿ ಆಡೋದು ಎರಡನೆಯದು. ಇದರ ಸಂಪಾದನೆ ಬಹುಪಾಲು ಜಾತ್ರೆಯ ತಿಂಗಳುಗಳಲ್ಲೇ. 2020ರಲ್ಲಿ ಲಾಕ್‌ಡೌನ್‌ಗೆ ಹಬ್ಬಗಳು ನಿಂತಾಗ ನಾವು ಮನೆಯಿಂದಲೇ ಲಾಗಿನ್ ಆದೆವು. ಇವರಿಗೆ ಆ ದಾರಿ ಇರಲಿಲ್ಲ.

ನಗುವಿನ ಇನ್ನೊಂದು ಬದಿ ನೋಡಬೇಕಂದ್ರೆ ಬಾಲಾ ನಿರ್ದೇಶನದ ‘ತಾರೈ ತಪ್ಪಟ್ಟೈ’ (2016) ಇದೆ. ಅಲ್ಲೂ ಕರಗಾಟ್ಟಂ ತಂಡ, ಅಲ್ಲೂ ಇಳಯರಾಜಾ ಸಂಗೀತ. ಆದರೆ ಕಾರ್ಯಕ್ರಮ ಸಿಗದ ತಂಡ, ಕುಣಿಯುವ ಹೆಣ್ಣನ್ನು ನೋಡುವ ಊರಿನ ಕಣ್ಣು, ಕೊನೆಗೆ ಕ್ರೌರ್ಯ. ಎರಡನ್ನೂ ಒಂದೇ ವಾರಾಂತ್ಯ ನೋಡಿದರೆ ಮೊದಲನೆಯದರ ನಗು ಸುಳ್ಳು ಅನ್ನಿಸಲಿಲ್ಲ. ಹಾಗೆ ನಗುತ್ತಾ, ಗೌರವದಿಂದ ಬದುಕೋದು ಆ ಜನಕ್ಕೂ ಸಿಗಬೇಕಿತ್ತು ಅನ್ನಿಸಿತು.

ಬಾಳೆಹಣ್ಣಿನ ಕ್ಲಿಪ್ ಮುಂದಿನ ಸಲ ಬಂದಾಗ ನಕ್ಕು, ಒಂದು ಶನಿವಾರ ಪೂರ್ತಿ ಸಿನಿಮಾ ಹಾಕಿ. ಕುಣಿತ ಬಂದಾಗ ಫಾರ್ವರ್ಡ್ ಮಾಡಬೇಡಿ. ಕಾಲು ಅಷ್ಟು ಓಡಾಡ್ತಿದ್ರೂ ತಲೆ ಮೇಲಿನ ಕೊಡ ಹೇಗೆ ನಿಂತಿದೆ ಅಂತ ಸ್ವಲ್ಪ ಹೊತ್ತು ನೋಡಿ.